ಮಾವನವರ ದನಿ ಹ್ಯಾಂಗ್ ಆದದ್ದು

ನಮ್ಮ ಮಾವನವರು ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಹರಾಜು ಕೂಗ್ತಿದ್ದವರು. ಅವರು ಅಲ್ಲಿ ಕೊನೇ ಬೆಲೆ ಕೂಗಿದ್ರೆ ಇಲ್ಲಿ ಮನೇಲಿ ಅತ್ತೆ ಅನ್ನಕ್ಕಿಡ್ತಿದ್ರಂತೆ, ಬರೋ ಹೊತ್ತಾಯ್ತು ಅಂತ. ಉಪ್ಪುಖಾರ ಹಚ್ಚಿ ಹೇಳ್ತಾರೆ ಅಂದ್ಕೊಂಡಿದ್ದೆ. ಮದುವೆಯಾಗಿ ಬಂದ ವಾರದಲ್ಲೇ ಗೊತ್ತಾಯ್ತು, ಉಪ್ಪೂ ಇಲ್ಲ, ಖಾರಾನೂ ಇಲ್ಲ, ಎಲ್ಲ ನಿಜವೇ. ಅಂಥ ಮನುಷ್ಯನ ಗಂಟಲಲ್ಲಿ ಹುಣ್ಣಾಯ್ತು, ಕೆಟ್ಟ ಹುಣ್ಣು. ಆಪರೇಷನ್ ಮಾಡಿದ್ರು. ಜೀವ ಉಳೀತು, ದನಿ ಹೋಯ್ತು.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಸ್ಲೇಟು ತಂದುಕೊಟ್ವಿ. ನಾಲ್ಕು ದಿನ ಬರೆದ್ರು, ಐದನೇ ದಿನ ಅದನ್ನು ಹಿತ್ತಲಿಗೆ ಎಸೆದ್ರು. ಯಾಕೆ ಅಂತ ಆಮೇಲೆ ಗೊತ್ತಾಯ್ತು. ಸ್ಲೇಟು ನೋಡಬೇಕಂದ್ರೆ ಎದುರಿನವರು ತಿರುಗಬೇಕು. ಬೆನ್ನು ಹಾಕಿ ಹೋಗೋರನ್ನ ಸ್ಲೇಟಲ್ಲಿ ಕರೆಯೋಕಾಗುತ್ತಾ? ಮಾತು ಅಂದ್ರೆ ಬೆನ್ನಿಗೂ ಬಡೀಬೇಕು ಅನ್ನೋದು ಮಾವನವರ ಲೆಕ್ಕ. ಮೊಬೈಲ್ ಕೊಟ್ವಿ. ಹರಾಜಿನ ಚೀಲ ಎತ್ತಿಳಿಸಿ ದಪ್ಪಗಾದ ಬೆರಳು, ಒಂದಕ್ಷರ ಒತ್ತಿದ್ರೆ ಮೂರು ಬೀಳ್ತಿದ್ವು. ಅದೂ ಹಿತ್ತಲಿಗೆ ಹೋಗೋದರಲ್ಲಿತ್ತು, ನಾನೇ ಅಡ್ಡ ನಿಂತು ಕಿತ್ಕೊಂಡೆ.

ಕೊನೆಗೆ ಕೈಹಿಡಿದದ್ದು ನನ್ನ ಹಳೇ ಲ್ಯಾಪ್‌ಟಾಪು. ಮದುವೆಗೆ ಮುಂಚೆ ನಾನು ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದೆ. ಈ ಮನೇಲಿ ಅದು ಅಲ್ಲಿವರೆಗೂ ಯಾರಿಗೂ ಬೇಕಾಗಿರಲಿಲ್ಲ. ಬರೆದದ್ದನ್ನು ಓದಿ ಹೇಳೋ ಸಾಫ್ಟ್‌ವೇರ್ ಹಾಕಿದೆ, ಕೀಲಿಗಳ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದೆ. ಸಾಲು ಬರೆದು ಎಂಟರ್ ಒತ್ತಿದ್ರೆ ಒಬ್ಬ ಗಂಡಸು ಓದ್ತಾನೆ, ಬಸ್ ಸ್ಟ್ಯಾಂಡಲ್ಲಿ ಅನೌನ್ಸ್ ಮಾಡೋನ ದನಿ. ಅಕ್ಷರ ಕಲಿಸಿದ್ದು ನನ್ನ ಮಗಳು. ಕುದಾಪುರದ ಕಡೆ ಒಂದು ಕಚೇರೀಲಿ ಅವಳಿಗೆ ಕೆಲಸ. ಸಂಜೆ ವ್ಯಾನ್ ಇಳಿದು ಬಂದವಳು ಕಾಫಿ ಲೋಟ ಹಿಡ್ಕೊಂಡು ತಾತನ ಪಕ್ಕ ಕೂತ್ಕೊಳ್ಳೋಳು. ಮಾವನವರು ಆ ಯಂತ್ರದಲ್ಲಿ ಹೇಳಿದ ಮೊದಲ ಪೂರ್ತಿ ವಾಕ್ಯ ನನಗೆ ಬಾಯಿಪಾಠ ಆಗೈತೆ: "ಈ ಮನೆ ಸಾರಿಗೆ ಉಪ್ಪು ಹಾಕೋರು ಯಾರೂ ಇಲ್ವಾ." ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಅತ್ತೇ ಬಿಟ್ವಿ. ಬೈಸಿಕೊಂಡಿದ್ದಕ್ಕೆ ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.

ಹೋದ ವರ್ಷ ಮಗಳಿಗೆ ಮೊಳಕಾಲ್ಮೂರಿನ ಸಂಬಂಧ ಕೂಡಿ ಬಂತು. ರೇಷ್ಮೆ ಸೀರೆ ವ್ಯಾಪಾರದ ಮನೆ, ಹುಡುಗ ಒಳ್ಳೆಯವನು, ಮಗಳು ಒಪ್ಪಿದ್ಲು. ನಮ್ಮಲ್ಲಿ ವೀಳ್ಯ ಶಾಸ್ತ್ರದ ದಿನ ಎರಡೂ ಮನೆಯ ಹಿರಿಯರು ಎದುರುಬದುರು ಕೂತು ಬಾಯಿಬಿಟ್ಟು ಮಾತು ಕೊಡಬೇಕು. ಹೆಣ್ಣಿನ ಕಡೆ ಹಿರಿಯರು ಮೂರು ಸಲ "ಕೊಟ್ಟೆವು" ಅನ್ನಬೇಕು, ಗಂಡಿನ ಕಡೆಯವರು ಮೂರು ಸಲ "ತಂದೆವು" ಅನ್ನಬೇಕು. ತಲೆ ಅಲ್ಲಾಡಿಸಿದ್ರೆ ನಡೆಯಲ್ಲ, ಬರೆದುಕೊಟ್ರೂ ನಡೆಯಲ್ಲ. ಕೂತ ಹತ್ತು ಜನದ ಕಿವಿಗೆ ಬೀಳಬೇಕು.

ಮಾವನವರ ತಮ್ಮ, ನಮ್ಮ ಚಿಕ್ಕಮಾವ, ದಿನ ಗೊತ್ತಾದ ಮಾರನೇ ದಿನವೇ ಬಂದ್ರು. "ಅಣ್ಣಂಗ್ಯಾಕೆ ತೊಂದರೆ? ಆ ಮೂರು ಮಾತು ನಾನೇ ಹೇಳಿಬಿಡ್ತೀನಿ," ಅಂದ್ರು. ಒಳ್ಳೇ ಮನಸ್ಸಿಂದಲೇ ಅಂದದ್ದು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅಂದಮೇಲೆ ಒಂದು ಸಲ ಕೆಮ್ಮಿ ಗಂಟಲು ಸರಿಮಾಡ್ಕೊಂಡ್ರು ನೋಡಿ, ಅದು ಮಾವನವರಿಗೆ ಚುಚ್ಚಿತು. ಟಕಟಕ ಬರೆದ್ರು. "ನಾನು ಸತ್ತಿಲ್ಲ," ಅಂತು ಯಂತ್ರ. ಚಿಕ್ಕಮಾವ ಕಾಫಿ ಕುಡಿದು ಎದ್ದು ಹೋದ್ರು.

ಅದೇ ವಾರ ಲ್ಯಾಪ್‌ಟಾಪ್ ಹಟ ಶುರು ಮಾಡ್ತು.

ಮೊದಲು ಮೌಸಿನ ಬಾಣ ನಿಂತಲ್ಲೇ ನಿಂತ್ಕೊಳ್ತು. ಆಮೇಲೆ ಕೀಲಿ ಒತ್ತಿದ್ರೆ ಅಕ್ಷರ ಬರ್ತಿರಲಿಲ್ಲ. ಒಂದೊಂದು ಸಲ ನೀಲಿ ಪರದೆ ಬಂದು, ಏನೋ ನಾಲ್ಕು ಸಾಲು ಇಂಗ್ಲಿಷಲ್ಲಿ ಕ್ಷಮೆ ಕೇಳಿ ತಾನೇ ಸತ್ತು ತಾನೇ ಹುಟ್ಟೋದು. ಮಾವನವರು ಮಾತಿನ ಮಧ್ಯ ಬಾಯಿ ಕಟ್ಟಿಸ್ಕೊಂಡು ಕೂತು, ಮೇಜಿಗೆ ಗುದ್ದೋರು. ನಾನು ಓಡಿ ಬರೋಳು.

ನನಗೆ ತಿಳಿದದ್ದೆಲ್ಲ ಮಾಡಿದೆ. ಆಫ್ ಮಾಡಿ ಆನ್ ಮಾಡಿದೆ. ವೈರಸ್ ನೋಡಿದೆ. ಬೇಡದ್ದನ್ನೆಲ್ಲ ತೆಗೆದು ಹಾಕಿದೆ. ಡ್ರೈವರ್‌ಗಳನ್ನು ಕಿತ್ತು ಮತ್ತೆ ಹಾಕಿದೆ. ಕೀಬೋರ್ಡೇ ಕೆಟ್ಟಿರಬೇಕು ಅಂತ ಯುಎಸ್‌ಬಿ ಕೀಬೋರ್ಡ್ ಹೊಸದು ತಂದು, ಸ್ಟಿಕ್ಕರ್ ಅಂಟಿಸಿ, ಮಾವನವರ ತೊಡೆ ಮೇಲಿಟ್ಟೆ. ಅರ್ಧ ತಾಸು ಚೆನ್ನಾಗಿ ನಡೀತು, ಆಮೇಲೆ ಅದೂ ಮೂಗ. ಎರಡು ಕೀಬೋರ್ಡು ಒಟ್ಟಿಗೆ ಕೆಡಲ್ಲ ಅನ್ನೋವಷ್ಟು ಬುದ್ಧಿ ನನಗೆ ಐತೆ. ಹಂಗಾದ್ರೆ ತಪ್ಪು ಒಳಗೈತೆ. ಎಲ್ಲಿ? "ಹಾಳಾದ್ದೇ, ಮೂದೇವಿ, ಬಾಯಿಬಿಟ್ಟು ಹೇಳು ಎಲ್ಲಿ ನೋವು ಅಂತ," ಅಂತ ಬೈದೆ. ಮಾವನವರು ಕೈ ಸನ್ನೆ ಮಾಡಿದ್ರು: ಬಾಯಿ ಇದ್ದಿದ್ರೆ ಹೇಳ್ತಿರ್ಲಿಲ್ವಾ ಅಂತ. ಆ ಸಿಟ್ಟಲ್ಲೂ ನಗು ಬಂತು.

ಮನೆಯವರು "ಹೊಸದೇ ತಂದುಬಿಡೋಣ," ಅಂದ್ರು. "ಇದಕ್ಕೇನಾಗೈತೆ ಅಂತ ತಿಳೀದೆ ಹೊಸದು ತಂದ್ರೆ ನಾನು ಡಿಪ್ಲೊಮಾ ಓದಿದ್ದು ಯಾವ ಸುಖಕ್ಕೆ?" ಅಂತ ಅವರ ಮೇಲೆ ಹರಿಹಾಯ್ದೆ. ಮಗಳ ಲ್ಯಾಪ್‌ಟಾಪ್ ಕಚೇರಿಯದು, ಅದರಲ್ಲಿ ಬೇರೆ ಏನೂ ಹಾಕೋ ಹಂಗಿಲ್ಲ. ಆ ಮೂರು ಮಾತು ಮೊದಲೇ ರೆಕಾರ್ಡ್ ಮಾಡಿ ಮೊಬೈಲಲ್ಲಿ ಇಟ್ಕೊಳ್ಳೋಣ ಅಂದ್ರೆ ಮಾವನವರು ಒಪ್ಪಲಿಲ್ಲ. "ನಿನ್ನೆ ಕೂಗಿದ ಬೆಲೆ ಇವತ್ತು ನಡೆಯಲ್ಲವ್ವಾ," ಅಂತ ಬರೆದು ಎಂಟರ್ ಒತ್ತಿದ್ರು. ಅದೃಷ್ಟಕ್ಕೆ ಅದೊಂದು ಸಾಲು ಯಂತ್ರ ಸರಿಯಾಗಿ ಹೇಳ್ತು.

ಬಸ್ ಸ್ಟ್ಯಾಂಡ್ ಹತ್ತಿರ ಒಂದು ರಿಪೇರಿ ಅಂಗಡಿ ಐತೆ. ಅಲ್ಲಿಗೆ ಹೊತ್ಕೊಂಡು ಹೋದೆ. ಅಲ್ಲಿ ಮೇಜಿನ ಮೇಲೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ, ಹೊಸ ಸೊಸೆ ಥರ, ಒಂದೂ ತಪ್ಪು ಮಾಡದೆ ನಡೀತು! ನನಗೆ ಮೈಯೆಲ್ಲ ಉರೀತು. ಅಂಗಡಿಯವನು ಫ್ಯಾನಿನ ಕಿಂಡಿಗೆ ಗಾಳಿ ಹೊಡೆದ. ಕರ್ರಗೆ ಏನೋ ಉಂಡೆ ಉಂಡೆಯಾಗಿ ಹಾರಿ ಬಂತು. ಅದನ್ನು ಬೆರಳಲ್ಲಿ ಹಿಡಿದು ನೋಡಿ, "ಅಕ್ಕಾರೆ, ಮನೇಲಿ ಕುರಿ ಸಾಕೀರಾ?" ಅಂದ.

"ನಾವು ಶೇಂಗಾ ವ್ಯಾಪಾರದವರಪ್ಪ. ಕುರಿ ಯಾಕೆ ಸಾಕ್ತೀವಿ? ಚೇಷ್ಟೆ ಬಿಟ್ಟು ಕೆಲಸ ನೋಡು," ಅಂದೆ. ಪಾಪ, ಅವನು ಕೇಳಿದ್ದು ನ್ಯಾಯವಾಗೇ ಇತ್ತು. ನನ್ನ ಬಾಯಿ ಮುಂದು, ಬುದ್ಧಿ ಹಿಂದು. ಮನೆಗೆ ತಂದಿಟ್ಟು ತಾಸಾಗಲಿಲ್ಲ, ಮತ್ತೆ ಹ್ಯಾಂಗು.

ಲ್ಯಾಪ್‌ಟಾಪ್ ಇಲ್ಲದ ಹೊತ್ತಲ್ಲಿ ಮಗಳೇ ತಾತನ ಬಾಯಿ. ಮಾವನವರು ಸದ್ದಿಲ್ಲದೆ ತುಟಿ ಆಡಿಸೋರು, ಅವಳು ಅಡಿಗೆಮನೆ ಬಾಗಿಲಲ್ಲಿ ನಿಂತು, "ಅಮ್ಮಾ, ತಾತಂಗೆ ಬೆನ್ನು ನೋಯ್ತೈತಂತೆ, ಎಣ್ಣೆ ಬಿಸಿ ಮಾಡ್ಬೇಕಂತೆ," ಅನ್ನೋಳು. ಅದು ಅವಳಿಗೆ ಹೆಂಗೆ ತಿಳೀತಿತ್ತೋ. ನಾನು ನೋಡಿದ್ರೆ ಮಾವನವರು ಎಲೆಅಡಿಕೆ ಅಗಿಯೋ ಹಂಗೆ ಕಾಣೋದು ಅಷ್ಟೇ.

ವೀಳ್ಯದ ದಿನ ಬಂದೇ ಬಿಡ್ತು. ಮೊಳಕಾಲ್ಮೂರಿಂದ ಬಿ.ಜಿ. ಕೆರೆ ದಾರೀಲಿ ಎರಡು ಗಾಡಿ ಬಂದ್ವು. ಗಂಡಿನ ಕಡೆ ಹಿರೇರು ಅಂದ್ರೆ ಹುಡುಗನ ಅಜ್ಜಿ, ಮೂಗಿಗೆ ಎರಡೂ ಕಡೆ ಹರಳಿನ ಬೊಟ್ಟು, ಕನ್ನಡ ಮಾತಾಡ್ತಾ ಮಾತಾಡ್ತಾ ತೆಲುಗಿಗೆ ಜಾರೋ ಮುದುಕಿ. ನಡುಮನೇಲಿ ಕಂಬಳಿ ಹಾಸಿದ್ವಿ. ಒಂದು ಕಡೆ ಮಾವನವರು ಮಡಿಪಂಚೆ ಉಟ್ಟು, ವಿಭೂತಿ ಹಚ್ಚಿ, ತೊಡೆ ಮೇಲೆ ಕೀಬೋರ್ಡ್ ಇಟ್ಕೊಂಡು ಕೂತ್ರು. ಎದುರಿಗೆ ಮಣೆ, ಮಣೆ ಮೇಲೆ ಲ್ಯಾಪ್‌ಟಾಪು. ಅದಕ್ಕೂ ಅತ್ತೆ ಒಂದು ಕುಂಕುಮದ ಬೊಟ್ಟು ಇಟ್ಟಿದ್ರು. ಒಳಕೋಣೆ ಬಾಗಿಲಲ್ಲಿ ಮಗಳು ತಲೆ ತಗ್ಗಿಸಿ ಕೂತಿದ್ಲು. ಬೆಳಗ್ಗೆಯಿಂದ ಲ್ಯಾಪ್‌ಟಾಪ್ ಸರಿಯಾಗೇ ಇತ್ತು, ಬೀಗರಿಗೆಲ್ಲ "ಬನ್ನಿ, ಕೂತ್ಕಳ್ಳಿ" ಅಂದಿತ್ತು.

ಅಯ್ನೋರು ತಾಂಬೂಲದ ತಟ್ಟೆ ಮಧ್ಯಕ್ಕಿಟ್ಟು, "ಹೆಣ್ಣಿನ ಕಡೆ ಹಿರೇರು ಮಾತು ಕೊಡ್ರಿ," ಅಂದ್ರು.

ಮಾವನವರು ಬರೆದ್ರು. ಎಂಟರ್ ಒತ್ತಿದ್ರು. ಯಂತ್ರ ಸುಮ್ಮನಿತ್ತು.

ಮತ್ತೆ ಒತ್ತಿದ್ರು. ಇಲ್ಲ. ಜನ ಎಲ್ಲ ಕಿವಿ ನೆಟ್ಟಗೆ ಮಾಡಿ ಕೂತಿದ್ರು. ನಾನು ಮಣೆ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಬಾಣ ನಿಂತಿತ್ತು, ಪರದೆ ಮೇಲೆ ಒಂದಕ್ಷರ ಇಲ್ಲ. ಹಿಂದುಗಡೆ ಚಿಕ್ಕಮಾವ ಕೆಮ್ಮಿದ್ದು ಕೇಳಿಸ್ತು. ಮಾವನವರ ಮುಖ ನೋಡೋ ಧೈರ್ಯ ಆಗಲಿಲ್ಲ. ಈ ಮನೇಲಿ ಆ ಮನುಷ್ಯನಿಗೆ ಉಳಿದಿದ್ದ ಹಿರಿತನ ಆ ಮೂರು ಮಾತಲ್ಲಿತ್ತು. ಅದನ್ನು ಇನ್ನೊಬ್ಬರ ಗಂಟಲಿಗೆ ಹೆಂಗೆ ದಾಟಿಸ್ಲಿ?

ಆಫ್ ಮಾಡೋಕೆ ಬೆರಳು ಬಟನ್ ಮೇಲೆ ಇಟ್ಟಿದ್ದೆ. ಯಾಕೋ ತಡೆದು, ಕ್ಯಾಪ್ಸ್ ಲಾಕ್ ಒತ್ತಿದೆ. ಅದಕ್ಕೊಂದು ಪುಟ್ಟ ದೀಪ ಐತೆ. ಯಂತ್ರ ಪೂರ್ತಿ ಸತ್ತಿದ್ರೆ ಆ ದೀಪ ಹತ್ತಲ್ಲ. ಕಾದೆ. ಎಷ್ಟೋ ಹೊತ್ತಿಗೆ, ಮನಸ್ಸಿಲ್ಲದ ಮನಸ್ಸಲ್ಲಿ, ದೀಪ ಹತ್ತಿತು. ಜೀವ ಐತೆ! ಸತ್ತಿಲ್ಲ, ಉಸಿರುಕಟ್ಟೈತೆ ಅಷ್ಟೇ. ಉಸಿರು ಎಲ್ಲಿಂದ ತಗೊಳುತ್ತೆ? ಕೆಳಗಿನಿಂದ. ತಳಕ್ಕೆ ಕೈ ಹಾಕಿದೆ. ಬಿಸಿ ಅಂದ್ರೆ ಬಿಸಿ, ರೊಟ್ಟಿ ಹಂಚು. ಹಂಚಿನ ಕೆಳಗೆ ಮೆತ್ತಗೆ ಏನೋ ಸಿಕ್ತು.

ಕಂಬಳಿ. ನಾಲ್ಕು ಮಡಿಕೆ ಮಾಡಿದ ಹೊಸಾ ಕರೀ ಕಂಬಳಿ.

"ಅತ್ತೇ, ಇದನ್ನ ಯಾರು ಇಟ್ರು?"

"ನಾನೇ ಕಣವ್ವ," ಅಂದ್ರು ಅತ್ತೆ, ಏನೂ ಆಗಿಲ್ಲ ಅನ್ನೋ ಹಂಗೆ. "ಸಂಬಂಧ ಕೂಡಿದ ದಿನದಿಂದ ಇಡ್ತಾ ಇದೀನಿ. ಶುಭದ ಮಾತು ಬರೋ ಜಾಗ, ಬರೀ ಹಲಗೆ ಮೇಲೆ ಇಡ್ತಾರಾ? ಇವತ್ತು ಬೆಳಗ್ಗೆ ಹಳೇದು ತೆಗೆದಿಟ್ಟು, ಬೀಗರು ಬರೋ ಹೊತ್ತಿಗೆ ಹೊಸದು ಹಾಕಿದೆ."

ನಮ್ಮ ಕಡೆ ಗುರುಗಳು ಬಂದ್ರೂ ಕಂಬಳಿ, ಪಂಚಾಯ್ತಿ ಕೂತ್ರೂ ಕಂಬಳಿ, ದೇವರ ಕಳಸಕ್ಕೂ ಕಂಬಳಿಯ ಗದ್ದಿಗೆ. ಗೌರವ ಕೊಡೋದಕ್ಕೆಲ್ಲ ಕೆಳಗೆ ಕಂಬಳಿ ಇರಬೇಕು. ಅದಕ್ಕೇ ಅಷ್ಟು ದಿನ ಲ್ಯಾಪ್‌ಟಾಪ್ ಕೆಳಗೆ ಕಂಬಳಿ ಕಂಡ್ರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅತ್ತೆ ಗಂಡನ ದನಿಗೆ ಗದ್ದಿಗೆ ಹಾಕಿ ಕೂರಿಸಿದ್ರು. ಅದು ಪ್ರೀತಿಯ ಬಿಸಿಗೆ ಉಸಿರುಕಟ್ಟಿ, ಉಣ್ಣೆ ಎಳ್ಕೊಂಡು ಎಳ್ಕೊಂಡು ಸಾಯ್ತಿತ್ತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅತ್ತೆ ಕೆನ್ನೆ ಹಿಂಡಬೇಕು ಅನ್ನಿಸ್ತು.

ಕಂಬಳಿ ಎಳೆದು ಪಕ್ಕಕ್ಕಿಟ್ಟೆ. ನಾಲ್ಕು ಸ್ಟೀಲ್ ಲೋಟ ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಎತ್ತಿಟ್ಟು, ಬೀಸಣಿಗೆಯಿಂದ ತಳಕ್ಕೆ ಗಾಳಿ ಬೀಸೋಕೆ ಕೂತೆ. "ಒಂದೈದು ನಿಮಿಷ ಕಾಯ್ರಿ," ಅಂದೆ ಬೀಗರಿಗೆ. ಅಜ್ಜಿ, "ಅದಕ್ಕೇನಂತೆ, ಬಾಣಂತಿ ಥರ ನೋಡ್ಕೋ ತಾಯೀ," ಅಂತು. ಎಲ್ಲ ನಕ್ರು.

ನಾನು ಬೀಸ್ತಾ ಇದ್ದೆ. ಹಿಂದೆ ಮಾವನವರ ಬೆರಳು ಸುಮ್ಮನಿರಲಿಲ್ಲ, ಟಕಟಕ ಅಂತಾನೇ ಇತ್ತು. ಸಿಟ್ಟಿಗೆ ಕುಟ್ತಾ ಇದಾರೆ ಅಂದ್ಕೊಂಡೆ. ಯಂತ್ರ ಕೆಟ್ಟೈತೆ, ಯಾರಿಗೂ ಕೇಳಲ್ಲ ಅಂತ ಅವರಿಗೂ ಧೈರ್ಯ. ಆದ್ರೆ ಯಂತ್ರ ಉಸಿರುಕಟ್ಟಿ ನಿಂತಾಗ ಒತ್ತಿದ ಅಕ್ಷರ ಎಲ್ಲೂ ಹೋಗಲ್ಲ. ಒಂದರ ಹಿಂದೊಂದು ಸಾಲಾಗಿ ಕಾಯ್ತಾ ನಿಂತಿರ್ತವೆ. ಅದು ನನಗೆ ಗೊತ್ತಿತ್ತು. ಆ ಗಡಿಬಿಡೀಲಿ ಹೇಳೋದು ನೆನಪಾಗಲಿಲ್ಲ.

ಫ್ಯಾನು ಸುಂಯ್ ಅಂತು. ಬಾಣ ಅಲ್ಲಾಡಿತು. ಯಂತ್ರ ಬಾಯಿಬಿಡ್ತು.

"ಕೊಟ್ಟೆವು," ಅಂತು. "ಕೊಟ್ಟೆವು. ಕೊಟ್ಟೆವು. ಕೊಟ್ಟೆವು."

ಜನ ಹೋ ಅಂತ ನಕ್ಕು ಚಪ್ಪಾಳೆ ಹೊಡೆದ್ರು. ಆದ್ರೆ ಅದು ಅಲ್ಲಿಗೇ ನಿಲ್ಲಲಿಲ್ಲ.

"ಲೇ ಹಾಳಾದೋನೇ, ಮಾತಾಡಲೇ."

ಇನ್ನೂ ಜೋರಾಗಿ ನಗು.

"ನನ್ನ ತಮ್ಮ ಗಂಟಲು ಸರಿಮಾಡ್ಕೊಂತಾನೆ. ಅವನು ಹೇಳಿದ್ರೆ ನಾನು ಎದ್ದು ಹೋಗ್ತೀನಿ."

ಚಿಕ್ಕಮಾವ ಟವಲಿನಿಂದ ಮುಖ ಒರೆಸ್ಕೊಂಡ್ರು. ಮಾವನವರು ಬೆಚ್ಚಿ, ಕೀಬೋರ್ಡ್ ಪಕ್ಕಕ್ಕೆಸೆದು ಮುಂದಕ್ಕೆ ಬಗ್ಗಿದ್ರು. ನನ್ನ ಕೈಲಿ ಬೀಸಣಿಗೆ. ಯಾವ ಬಟನ್ ಒತ್ತಬೇಕು ಅನ್ನೋದೇ ತಲೆಗೆ ಹೊಳೀಲಿಲ್ಲ.

"ಹೋಗ್ಲಿ ಬಿಡು, ನಿಂತಿದ್ದೇ ಒಳ್ಳೇದಾಯ್ತು. ನನಗೆ ಕೊಡೋ ಮನಸ್ಸಿಲ್ಲ."

ನಗು ನಿಂತುಹೋಯ್ತು. ಮಾವನವರು ಸ್ಪೀಕರ್ ಮೇಲೆ ಅಂಗೈ ಒತ್ತಿ ಹಿಡಿದ್ರು. ಬೆರಳ ಸಂದಿನಿಂದ ಆ ಬಸ್ ಸ್ಟ್ಯಾಂಡಿನ ದನಿ, ಸುಖದುಃಖ ಒಂದೂ ಇಲ್ಲದ ದನಿ, ಬಂದೇ ಬಂತು.

"ಹುಡುಗ ಒಳ್ಳೆಯವನು. ಮನೆ ಒಳ್ಳೇದು. ಆದ್ರೆ ನನ್ನ ತುಟಿ ನೋಡಿ ಮಾತು ತಿಳ್ಕೊಳ್ಳೋಳು ಇವಳೊಬ್ಬಳೇ. ಇವಳೂ ಹೋದ್ರೆ ನಾನು ಇನ್ನೊಂದು ಸಲ ಮೂಗ ಆಗ್ತೀನಿ."

ಅತ್ತೆ ಸೆರಗು ಬಾಯಿಗೆ ಒತ್ಕೊಂಡ್ರು. ಹರಾಜಲ್ಲಿ ನೂರು ಜನದ ಮುಂದೆ ಎದೆ ಸೆಟೆಸಿ ನಿಲ್ತಿದ್ದ ಮನುಷ್ಯ ನೆಲ ನೋಡ್ತಾ ಕೂತಿದ್ರು. ಕಿವಿಯೆಲ್ಲ ಕೆಂಪಾಗಿತ್ತು.

ಚಿಕ್ಕಮಾವ ಸುಧಾರಿಸೋಕೆ ನೋಡಿದ್ರು. "ಶಾಸ್ತ್ರಕ್ಕೆ ಮೂರು ಸಲ ಬೇಕಿತ್ತು, ನಾಲ್ಕು ಸಲ ಆಗೈತೆ. ಮುಂದಿನದ್ದು ಲೆಕ್ಕಕ್ಕಿಲ್ಲ ಬಿಡ್ರಿ. ಬೀಗರು ಮಾತು ಹೇಳಿ."

"ಆಗಂಡಿ, ತಡೀರಿ," ಅಂತು ಹುಡುಗನ ಅಜ್ಜಿ, ಕೈ ಅಡ್ಡ ಹಿಡಿದು. "ಲೆಕ್ಕಕ್ಕೆ ಇರೋದೇ ಮುಂದಿನದ್ದು. ಪೆದ್ದಾಯನಿಗೆ, ಅದೇ ನಿಮ್ಮ ಹಿರೇರಿಗೆ, ಮನಸ್ಸಾದಾಗ ಹೇಳ್ಲಿ. ನಮಗೇನು ಅವಸರ? ಅಡಿಗೆ ಘಮ ಅಂತೈತೆ, ಊಟ ಮಾಡಿ ಕಾಯ್ತೀವಿ."

ಅಷ್ಟರಲ್ಲಿ ಮಗಳು ಎದ್ದು ಬಂದ್ಲು. ಹೆಣ್ಣು ಆ ಹೊತ್ತಲ್ಲಿ ನಡುಮನೆಗೆ ಬರೋ ಪದ್ಧತಿ ಇಲ್ಲ, ಯಾರೂ ಬೇಡ ಅನ್ನಲಿಲ್ಲ. ತಾತನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಗಲೋ ಹಂಗೆ ಕೂತ್ಲು. ಮಾವನವರು ತುಟಿ ಆಡಿಸಿದ್ರು. ಅವಳೂ ಸದ್ದಿಲ್ಲದೇ ತುಟಿ ಆಡಿಸಿದ್ಲು. ಇಡೀ ಮನೆ ನೋಡ್ತಾ ಕೂತಿತ್ತು, ಒಂದಕ್ಷರ ಒಬ್ಬರಿಗೂ ತಿಳೀಲಿಲ್ಲ. ಒಂದು ಸಲ ಅವಳು ಅಳ್ತಾ ತಲೆ ಅಲ್ಲಾಡಿಸಿದ್ಲು. ಒಂದು ಸಲ ಇಬ್ಬರೂ ನಕ್ರು. ಇವತ್ತಿಗೂ ಏನು ಮಾತಾಡಿದ್ರು ಅಂತ ಇಬ್ಬರೂ ಬಾಯಿಬಿಟ್ಟಿಲ್ಲ.

ಆಮೇಲೆ ಮಾವನವರು ಕೈ ನೀಡಿದ್ರು. ಮಗಳೇ ಕೀಬೋರ್ಡ್ ಎತ್ತಿ ಅವರ ತೊಡೆ ಮೇಲಿಟ್ಲು. ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ರು. ಈ ಸಲ ಯಂತ್ರ ತಡ ಮಾಡಲಿಲ್ಲ.

"ಮನಸ್ಸು ಮಾಡಿದೀನಿ. ಕೊಟ್ಟೆವು."

ಇನ್ನೆರಡು ಸಲ ಒತ್ತಿದ್ರು, ಎರಡು ಸಲವೂ ಸರಿಯಾಗಿ ಬಂತು. ಅಜ್ಜಿ "ತಂದೆವು" ಅಂತ ಮೂರು ಸಲ ಹೇಳಿ ತಾಂಬೂಲದ ತಟ್ಟೆ ತನ್ನ ಕಡೆ ಎಳ್ಕೊಂತು.

ಮದುವೆ ಆಯ್ತು, ಮಗಳು ಮೊಳಕಾಲ್ಮೂರಿಗೆ ಹೋದ್ಲು. ಕುದಾಪುರಕ್ಕೆ ಈಗ ಆ ಕಡೆಯಿಂದ ಹೋಗಿ ಬರ್ತಾಳೆ. ಲ್ಯಾಪ್‌ಟಾಪ್ ಮರದ ಸ್ಟ್ಯಾಂಡ್ ಮೇಲೆ ತಣ್ಣಗೆ ಕೂತೈತೆ, ಒಂದು ದಿನವೂ ಹ್ಯಾಂಗ್ ಆಗಿಲ್ಲ. ನನ್ನ ರಿಪೇರಿ ಕೆಲಸ ಮುಗೀತು ಅಂತ ಎಲ್ಲರೂ ಅಂದ್ಕೊಂಡ್ರು. ನಾನು ಮಾತ್ರ ಸಂಜೆ ಕಾಫಿ ಲೋಟ ತಗೊಂಡು ಮಾವನವರ ಎದುರಿಗೆ ಹೋಗಿ ಕೂತೆ. "ಯಂತ್ರ ಮುಚ್ರಿ ಮಾವ. ಬರೀ ಬಾಯಲ್ಲಿ ಹೇಳ್ರಿ, ನೋಡೋಣ," ಅಂದೆ.

ಮೊದಮೊದಲು ಒಂದೂ ತಿಳೀಲಿಲ್ಲ. ಅವರು ಹಣೆ ಚಚ್ಕೊಳ್ಳೋರು, ನಾನು, "ನಿಧಾನ ಹೇಳಿದ್ರೆ ಗಂಟೇನು ಹೋಗುತ್ತೆ?" ಅಂತ ರೇಗೋಳು. ಇಬ್ಬರದೂ ಒಂದೇ ತಳಿ ಸಿಟ್ಟು. ಎಷ್ಟೋ ಸಲ ನಾನು ಎದ್ದು ಹೋಗಿದೀನಿ, ಎಷ್ಟೋ ಸಲ ಅವರು ಮುಖ ತಿರುಗಿಸಿದಾರೆ. ಮಾರನೇ ಸಂಜೆ ಮತ್ತೆ ಇಬ್ಬರೂ ಅಲ್ಲೇ.

ಮೊನ್ನೆ ಕಾಫಿ ಕುಡಿದು ಲೋಟ ಕೆಳಗಿಟ್ಟು, ಬಾಗಿಲ ಕಡೆ ನೋಡ್ತಾ, ನನಗೆ ಅಂತಲೂ ಅಲ್ಲ, ಮಾವನವರು ತುಟಿ ಆಡಿಸಿದ್ರು.

"ಹೌದು ಮಾವ," ಅಂದೆ. "ಅವಳಿಲ್ದೆ ನನಗೂ ಮನೆ ಬಿಕೋ ಅಂತೈತೆ."

ಗಕ್ಕನೆ ನನ್ನ ಕಡೆ ತಿರುಗಿದ್ರು. ಮೇಜಿನ ಮೇಲೆ ಲ್ಯಾಪ್‌ಟಾಪ್ ಐತೆ, ಕೈಗೆ ಎಟುಕೋ ಹಂಗೇ ಐತೆ. ಅದರ ಕಡೆ ಕೈ ಚಾಚಲಿಲ್ಲ. ಮತ್ತೆ ತುಟಿ ಆಡಿಸಿದ್ರು, ಈ ಸಲ ನನಗೇ.